ಮಗ್ಗದ ಓಣಿಯಲ್ಲಿ ಮಾತಿಲ್ಲದ ಪಾಠ

ಹೋದ ತಿಂಗಳು ನಾದಿನಿಯ ಮಗಳ ಮದುವೆಗೆ ಸೀರೆ ತರಲೆಂದು ಇಳಕಲ್‌ಗೆ ಹೋಗಿದ್ದೆವು. ಬಿಸಿಲು ತಪ್ಪಿಸಿಕೊಳ್ಳಲು ದೊಡ್ಡ ರಸ್ತೆ ಬಿಟ್ಟು ಒಂದು ಓಣಿ ಹೊಕ್ಕೆವು. ಯಾರೋ ನೂಲಿಗೆ ಗಂಜಿ ಹಚ್ಚಿ ಓಣಿಯುದ್ದಕ್ಕೂ ಎಳೆದು ಕಟ್ಟಿದ್ದರು. ಹುಳಿಹುಳಿಯಾದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಗಂಟಲ ಮೇಲೆ ಹೋಯಿತು. ನಾದಿನಿ, "ಯಾಕ್ರಿ ವೈನಿ, ನೀರು ಬೇಕೇನು?" ಎಂದಳು. ಬೇಡ ಎಂದು ಕೈಯಾಡಿಸಿದೆ. ಬಾಯಿ ಬಿಟ್ಟೇ ಹೇಳಬಹುದಿತ್ತು. ಆದರೆ ಆ ವಾಸನೆ ಬಂದ ಕಡೆ ನನಗೆ ಬಾಯಿಗಿಂತ ಕೈ ಮೊದಲು ಏಳುತ್ತದೆ. ಅದು ಒಂದು ವರ್ಷ ಕೈಗೆ ಹತ್ತಿದ ಅಭ್ಯಾಸ, ಇಷ್ಟು ವರ್ಷವಾದರೂ ಹೋಗಿಲ್ಲ.

ಸಾಲಿಗಳಲ್ಲಿ ಬಿಸಿಯೂಟ ಹೊಸದಾಗಿ ಶುರುವಾದ ವರ್ಷ ಅದು. ಅಂಥದೇ ಒಂದು ನೇಕಾರರ ಓಣಿಯ ಸಣ್ಣ ಸರಕಾರಿ ಸಾಲಿಯಲ್ಲಿ ನಾನು ಶಿಕ್ಷಕಿ. ಎರಡು ಖೋಲಿ, ಇಬ್ಬರು ಶಿಕ್ಷಕರು. ಮೂರನೇ ನಾಲ್ಕನೇ ತರಗತಿ ಹೆಡ್ ಮಾಸ್ತರಾದ ಶಂಕ್ರಪ್ಪನವರಿಗೆ, ಒಂದು ಎರಡು ನನಗೆ. ನನ್ನ ಎರಡು ತರಗತಿ ಸೇರಿ ಐವತ್ತಕ್ಕೂ ಹೆಚ್ಚು ಮಕ್ಕಳು. ನನ್ನ ಖೋಲಿಯ ಗೋಡೆಗೆ ಹತ್ತಿಕೊಂಡೇ ಪವರ್‌ಲೂಮಿನ ಶೆಡ್ಡು. ಬೆಳಿಗ್ಗೆ ಮಗ್ಗಗಳು ಹೊರಟವೆಂದರೆ ಕರೆಂಟು ಹೋಗುವವರೆಗೆ ಖಟಾಖಟಾ ನಿಲ್ಲುತ್ತಿರಲಿಲ್ಲ. ಹೊರಗೆ ಕಲ್ಲುಗಣಿಯ ಲಾರಿಗಳ ಧೂಳು, ಒಳಗೆ ಸೀಮೆಸುಣ್ಣದ ಧೂಳು. ಆ ಸದ್ದಿನ ಮೇಲೆ ಏರಿ ನಾನು ಪಾಠ ಹೇಳಬೇಕು. ಒಮ್ಮೊಮ್ಮೆ ಪಾಠದ ನಡುವೆ ಕರೆಂಟು ಹೋಗಿ ಮಗ್ಗಗಳು ಗಪ್ಪೆಂದು ನಿಂತಾಗ, ನನ್ನ ಕಿರುಚಾಟ ನನಗೇ ಕೇಳಿ ನಾಚಿಕೆಯಾಗುತ್ತಿತ್ತು.

ನನಗೆ ಹೇಳಿಕೊಳ್ಳುವಂಥ ರೂಪವಿರಲಿಲ್ಲ, ದೊಡ್ಡ ಓದೂ ಇರಲಿಲ್ಲ. ದನಿ ಇತ್ತು. ತರಬೇತಿಯ ದಿನಗಳಲ್ಲಿ ನಾನು ಪದ್ಯ ಹಾಡಿದರೆ ಪಕ್ಕದ ಕೋಣೆಯವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಮದುವೆಗೆ ನೋಡಲು ಬಂದಾಗ ಅತ್ತೆ ನನ್ನನ್ನು ಮೆಚ್ಚಿದ್ದೂ ಅದನ್ನು ಕೇಳಿಯೇ. ಹಾಗಾಗಿ ಬೇಸಿಗೆಯ ರಜೆಗೆ ಮುಂಚೆ ದನಿ ಬಿರುಕು ಬಿಟ್ಟಾಗ ನಾನು ನಂಬಲಿಲ್ಲ. ಉಪ್ಪುನೀರು ಮುಕ್ಕಳಿಸಿದೆ, ಜ್ಯೇಷ್ಠಮಧು ಚೀಪಿದೆ, ಮತ್ತೆ ಕಿರುಚಿದೆ. ಜೂನ್ ತಿಂಗಳಲ್ಲಿ ಒಂದು ದಿನ ಪ್ರಾರ್ಥನೆಯ ನಡುವೆ ದನಿ ಪೂರ್ತಿ ಕಟ್ಟಿತು. ಬಾಯಿ ತೆರೆದರೆ ಗಾಳಿ ಬಿಟ್ಟು ಬೇರೇನೂ ಬರಲಿಲ್ಲ.

ಗಂಡ ರಜೆ ಹಾಕಿ ಬಾಗಲಕೋಟೆಗೆ ಕರೆದುಕೊಂಡು ಹೋದರು. ಗಂಟಲ ಡಾಕ್ಟರು ಒಳಗೆ ಕನ್ನಡಿ ಇಟ್ಟು ನೋಡಿ, "ಎರಡೂ ಕಡೆ ಗಂಟು ಬಿದ್ದಾವ್ರಿ. ದೀಪಾವಳಿ ಮಟಾ ಬಾಯಿ ಮುಚ್ಚಿಕೊಂಡಿರ್ರಿ. ಪಿಸುಮಾತೂ ಬ್ಯಾಡ, ಅದು ಒದರೂದಕ್ಕಿಂತ ಕೆಟ್ಟ. ಅಷ್ಟರಾಗ ಮಾತಾಡಿದ್ರಿ ಅಂದ್ರ ಆಪರೇಷನ್ ಆಗಬೇಕಾಗ್ತೈತಿ. ಆಮ್ಯಾಲೆ ದನಿ ಉಳೀತೈತೋ ಇಲ್ಲೋ, ನಾ ಹೇಳಾಕ ಬರೂದಿಲ್ಲ" ಎಂದರು.

"ಮಾಸ್ತರಕಿ ಮಾಡ್ತಾಳ್ರಿ ಇಕಿ," ಎಂದರು ನನ್ನವರು.

"ಅದಕ್ಕ ಆಗೇದ್ರಿ ಇದು," ಎಂದರು ಡಾಕ್ಟರು.

ರಜೆ ಹಾಕೋಣವೆಂದರೆ ಉಳಿದಿರಲಿಲ್ಲ. ಹೆರಿಗೆ, ಬಾಣಂತನ, ಅದರ ಬೆನ್ನಿಗೆ ಮಗಳ ಜ್ವರ, ಎಲ್ಲದಕ್ಕೂ ಖರ್ಚಾಗಿ ಹೋಗಿತ್ತು. ಪ್ರೊಬೇಷನ್ನೂ ಮುಗಿದಿರಲಿಲ್ಲ. ಶಂಕ್ರಪ್ಪ ಮಾಸ್ತರು ನಿವೃತ್ತಿಗೆ ಹತ್ತಿರ ಬಂದವರು, ನಿಧಾನದ ಮನುಷ್ಯ. ಎಲೆ ಅಡಿಕೆ ಮೆಲ್ಲುತ್ತ ಎಲ್ಲ ಕೇಳಿಸಿಕೊಂಡು, "ದನಿ ಇಲ್ಲದ ಶಿಕ್ಷಕಿ ಅಂತ ನಾ ಒಮ್ಮಿ ಮ್ಯಾಲಿನ ಆಫೀಸಿಗಿ ತಿಳಿಸಿದೆ ಅಂದ್ರ, ನಿಮ್ಮ ನೌಕರಿ ಕತಿ ಮುಗೀತು. ಬ್ಯಾಡ. ನೀವು ಬಂದು ವರ್ಗದಾಗ ಕುಂದರ್ರಿ. ಹುಡುಗರಿಗಿ ನಾ ಹೇಳ್ತೇನಿ" ಎಂದರು. ಹೇಳಿಯೂ ಹೇಳಿದರು. "ಅಕ್ಕಾರಿಗೆ ಗಂಟಲ ಬ್ಯಾನಿ ಐತಿ. ಅವರು ಮಾತಾಡಂಗಿಲ್ಲ, ಮಾತಾಡಿದ್ರ ಡಾಕ್ಟರ್ ಬೈತಾರ. ಯಾರೂ ಗದ್ಲ ಮಾಡಬಾರ್ದು." ಕಾರಹುಣ್ಣಿಮೆ ಮುಗಿಸಿಕೊಂಡು ಅದೇ ವಾರ ಸಾಲಿಗೆ ಸೇರಿದ್ದ ಒಂದನೇ ತರಗತಿಯ ಮಕ್ಕಳು, ಸಾಲಿ ಕಲಿಸುವ ಅಕ್ಕಾರು ಅಂದರೆ ಇಂಥವರೇ ಇರುತ್ತಾರೇನೋ ಎಂಬಂತೆ ನನ್ನನ್ನು ನೋಡಿದರು.

ಹುನಗುಂದದಿಂದ ದಿನಾ ಬಸ್ಸಿನಲ್ಲಿ ನಿಂತು ಬರುವಾಗಲೇ ನನಗೆ ಸುಸ್ತಾಗಿರುತ್ತಿತ್ತು. ಅದರ ಮೇಲೆ ಇದು. ಮೊದಲ ದಿನ, ಕೂತುಕೊಳ್ಳಿ ಎಂದು ಕೈ ತೋರಿಸಿದೆ, ಕೂತರು. ನೀರಡಿಕೆಯಾಗಿ, ಅಭ್ಯಾಸಬಲದಿಂದ ದನಿಯಿಲ್ಲದೆ "ನೀರು" ಎಂದು ತುಟಿ ಆಡಿಸಿಬಿಟ್ಟೆ. ಮುಂದಿನ ಸಾಲಿನಲ್ಲಿದ್ದ ಒಂದನೇ ತರಗತಿಯ ಶಿವಲೀಲಾ ಎಂಬ ಹುಡುಗಿ, ಮೇಲಿನ ಎರಡು ಹಲ್ಲು ಬಿದ್ದಿದ್ದವಳು, ಎದ್ದು ಹೋಗಿ ತಂಬಿಗೆ ತಂದು ಕೊಟ್ಟಳು. ನನಗೆ ಆಶ್ಚರ್ಯ. ಕಿಟಕಿ, ಹುಣಸೆಹಣ್ಣು, ನಾಳೆ, ಅಜ್ಜಿ, ಹೀಗೆ ಬಾಯಿಗೆ ಬಂದದ್ದನ್ನೆಲ್ಲ ಬರೀ ತುಟಿಯಲ್ಲಿ ಹೇಳಿ ನೋಡಿದೆ. ಮಕ್ಕಳು ಒಂದೊಂದನ್ನೂ ಹಿಡಿದರು.

ಗುಟ್ಟೇನೂ ಇರಲಿಲ್ಲ. ಗೋಡೆಯಾಚೆಯ ಶೆಡ್ಡಿನಲ್ಲಿ ಶಿವಲೀಲಾಳ ಅವ್ವ ಗಂಗವ್ವ ಮತ್ತು ಅಪ್ಪ ಆ ತುದಿಗೊಬ್ಬರು ಈ ತುದಿಗೊಬ್ಬರು ಮಗ್ಗದ ಮುಂದೆ ನಿಲ್ಲುತ್ತಿದ್ದರು. ಆ ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲ. ಹಾಗಾಗಿ ಅವರ ಸಂಸಾರವೆಲ್ಲ ತುಟಿ ಮತ್ತು ಕೈಯಲ್ಲೇ ನಡೆಯುತ್ತಿತ್ತು. ಉಂಡಿಯಾ, ಕಂಡಿಕಿಯ ನೂಲು ಮುಗೀತು, ಎಳಿ ಹರೀತು, ನಿಮ್ಮಣ್ಣ ಬಂದಾನ. ಜಗಳವೂ ಹಾಗೆಯೇ. ಒಮ್ಮೆ ಬಾಗಿಲಲ್ಲಿ ನಿಂತು ಅವರಿಬ್ಬರ ಜಗಳ ನೋಡಿದ್ದೇನೆ, ಒಂದು ಮಾತೂ ಕೇಳಲಿಲ್ಲ, ಆದರೆ ಗಂಗವ್ವನದೇ ಮೇಲುಗೈ ಎಂದು ಗೊತ್ತಾಯಿತು. ತೊಟ್ಟಿಲಲ್ಲಿದ್ದಾಗಿನಿಂದ ಇದನ್ನೇ ನೋಡಿ ಬೆಳೆದ ಮಕ್ಕಳಿಗೆ ನನ್ನ ಮೌನ ಒಂದು ಸಮಸ್ಯೆಯೇ ಆಗಲಿಲ್ಲ.

ತಾಯಂದಿರಿಗೆ ಆಯಿತು. "ಮೂಗ ಅಕ್ಕಾರು ಏನ ಕಲಿಸ್ಯಾರು?" ಎಂದು ನಲ್ಲಿಯ ಹತ್ತಿರ ಮಾತಾಡಿಕೊಂಡರಂತೆ. ನನಗೆ ಹೇಳಿದವಳು ಬಿಸಿಯೂಟದ ಅಡುಗೆಯವಳು. ಸಾರಿನ ಉಪ್ಪು ನೋಡಿ, ಸರಿ ಇದೆ ಎಂದು ತಲೆ ಆಡಿಸಿ ಬಂದೆ.

ಆಗ ನಮಗೆ ವಾರದ ಚಟುವಟಿಕೆ ಎಂಬುದು ಕಡ್ಡಾಯವಾಗಿತ್ತು. ಸೋಮವಾರ ಕಥೆ ಹೇಳಬೇಕು. ಮಾತಿಲ್ಲದೆ ಕಥೆ ಹೇಳುವುದೆಂದರೆ ಮೈಯೆಲ್ಲ ದುಡಿಸುವುದು. ನಾನೇ ನರಿ, ನಾನೇ ಬಾವಿ, ನಾನೇ ಬಾವಿಗೆ ಬಿದ್ದ ನರಿ. ಮುಗಿಯುವಷ್ಟರಲ್ಲಿ ರಟ್ಟೆ ಸೋತುಹೋಗುತ್ತಿದ್ದವು. ಮಂಗಳವಾರ ಹುಣಸೆಬೀಜದ ಲೆಕ್ಕ, ಅದು ಸಲೀಸು, ಬೀಜಕ್ಕೆ ಮಾತು ಬೇಕಿಲ್ಲ. ಬುಧವಾರ ಮಣ್ಣಿನ ಕೆಲಸ. ಎತ್ತು ಮಾಡಿರಿ ಎಂದರೆ ಅರ್ಧ ಮಕ್ಕಳು ಮಗ್ಗ ಮಾಡುತ್ತಿದ್ದರು. ಅಕ್ಷರಗಳಿಗೆ ಮಾತ್ರ ದನಿ ಬೇಕಿತ್ತು. ನಾನು ಚಿತ್ರದ ಹಲಗೆ ಎತ್ತಿ ತುಟಿ ಆಡಿಸಿದರೆ, ಎರಡನೇ ತರಗತಿಯ ರೇಣುಕಾ ಮತ್ತು ಅವಳ ಗೆಳತಿಯರು ಚಿಕ್ಕವರ ಕಿವಿಗೆ ಬಾಯಿ ಹಚ್ಚಿ ಆ ಅಕ್ಷರವನ್ನು ಹೇಳಿಕೊಡುತ್ತಿದ್ದರು. ಗುರುವಾರ ಪದ್ಯ. ಹಿಂದಿನ ವರ್ಷ ನಾನೇ ಕಟ್ಟಿದ ಒಂದು ಮಳೆಯ ಪದ್ಯವಿತ್ತು:

ಮೋಡದ ಮನೆಯಿಂದ ಬಂದಿತು ಮಳೆ
ಎಮ್ಮೆಯ ಬೆನ್ನಿಗೆ ಒಂದು ಹನಿ
ಅಜ್ಜಿಯ ಮೂಗಿಗೆ ಒಂದು ಹನಿ

ಎರಡನೇ ತರಗತಿಗೆ ಅದು ಬಾಯಿಪಾಠ. ನಾನು ತುಟಿ ಆಡಿಸುತ್ತ, ಬೆನ್ನು ಬಗ್ಗಿಸಿ ಎಮ್ಮೆಯಾಗಿ, ಮೂಗು ಮುಟ್ಟಿ ಅಜ್ಜಿಯಾಗಿ ತೋರಿಸುತ್ತಿದ್ದೆ. ಒಂದನೇ ತರಗತಿಯವರು ನನ್ನನ್ನು ನೋಡಿ, ಅವರನ್ನು ನೋಡಿ ಕಲಿತರು. ಶ್ರಾವಣ ಮುಗಿಯುವಷ್ಟರಲ್ಲಿ ಇಡೀ ಖೋಲಿ ಒಂದೇ ತಾಳದಲ್ಲಿ ಮೂಗು ಮುಟ್ಟುತ್ತಿತ್ತು. ಶಂಕ್ರಪ್ಪ ಮಾಸ್ತರು ನಡುವಿನ ಬಾಗಿಲಿಂದ ಇಣುಕಿ, "ನಿಮ್ಮ ವರ್ಗ ಭಾಳ ಶಿಸ್ತು ಆತ್ರಿ" ಎಂದು ಖುಷಿಪಟ್ಟರು. ಮಗ್ಗದ ಸದ್ದಿನಲ್ಲಿ ಯಾರು ದನಿ ಮಾಡಿ ಹೇಳುತ್ತಾರೆ, ಯಾರು ಬರೀ ತುಟಿ ಆಡಿಸುತ್ತಾರೆ ಎಂದು ನನಗೂ ಗೊತ್ತಾಗುತ್ತಿರಲಿಲ್ಲ, ಅವರಿಗೂ ಗೊತ್ತಾಗುತ್ತಿರಲಿಲ್ಲ. ಆ ದಿನಗಳಲ್ಲಿ ಕರೆಂಟು ಹೋಗುತ್ತಿದ್ದದ್ದು ಬಿಸಿಯೂಟದ ಹೊತ್ತಿಗೆ. ಆಗ ಮಕ್ಕಳು ಅಂಗಳದಲ್ಲಿ ತಟ್ಟೆ ಬಡಿದು ಓಣಿ ಹಾರಿಹೋಗುವಂತೆ ಒದರುತ್ತಿದ್ದರು.

ಕಷ್ಟವೆಲ್ಲ ಮನೆಯಲ್ಲಿ. ಮಗಳು ಆಗತಾನೇ ಮಾತು ಕಲಿಯುತ್ತಿದ್ದಳು. ನಾನು ಬಸ್ಸಿಳಿದು ಬಂದರೆ "ಅವ್ವ" ಎನ್ನುತ್ತಿದ್ದಳು. "ಓ" ಎನ್ನಲು ನನಗೆ ದನಿ ಇಲ್ಲ. ಮೊದಮೊದಲು ಮತ್ತೆ ಮತ್ತೆ ಕರೆಯುತ್ತಿದ್ದಳು, ಆಮೇಲೆ ಕರೆಯುವುದನ್ನು ಬಿಟ್ಟು ಅಜ್ಜಿಯ ಕಡೆಗೆ ಹೋಗತೊಡಗಿದಳು. ಜೋಗುಳವನ್ನೂ ಅತ್ತೆಯೇ ಹಾಡುತ್ತಿದ್ದರು. ಅವರು ಶ್ರುತಿ ತಪ್ಪಿ ಹಾಡುವುದನ್ನು ಕೇಳುತ್ತ ಪಕ್ಕದಲ್ಲಿ ಮಲಗಿರುವುದು ಎಂಥ ಶಿಕ್ಷೆ ಎಂದು ಹೇಗೆ ಹೇಳಲಿ. ಅಳು ಬರುತ್ತಿತ್ತು. ಅತ್ತರೆ ಗಂಟಲಿಗೆ ಕೆಟ್ಟದ್ದೆಂದು ಅದನ್ನೂ ನುಂಗುತ್ತಿದ್ದೆ. ಆ ವರ್ಷ ನನಗಾದ ಸುಸ್ತು ಯಾವ ನಿದ್ದೆಯಿಂದಲೂ ಹೋಗುವಂಥದ್ದಾಗಿರಲಿಲ್ಲ.

ದೀಪಾವಳಿಗೆ ಇನ್ನೊಂದು ವಾರವಿದೆ ಎನ್ನುವಾಗ ತಾಲೂಕಿನಿಂದ ಸಾಲಿ ತಪಾಸಣೆಯ ಸಾಹೇಬರು ಬಂದರು. ಮುನ್ಸೂಚನೆ ಇರಲಿಲ್ಲ. ಮೋಟಾರ್ ಸೈಕಲ್ ನಿಲ್ಲಿಸಿ, ಮುಖಕ್ಕೆ ಕಟ್ಟಿದ್ದ ಕರ್ಚೀಫು ಬಿಚ್ಚಿ ಧೂಳು ಕೊಡವಿ, ನೇರ ನನ್ನ ಖೋಲಿಗೇ ಬಂದರು. ಶಂಕ್ರಪ್ಪ ಮಾಸ್ತರು ಬಾಯಿಯಲ್ಲಿದ್ದ ಎಲೆ ಅಡಿಕೆ ಉಗುಳಿ ಹಿಂದಿನಿಂದ ಓಡಿಬಂದರು. ನಾನು ಎದ್ದು ನಿಂತು ಕೈ ಮುಗಿದೆ. ಮಗ್ಗಗಳು ಜೋರಾಗಿ ನಡೆದಿದ್ದವು.

"ಮಕ್ಕಳೇ, ಒಂದ ಪದ್ಯಾ ಹೇಳ್ರಿ ನೋಡೂಣು," ಎಂದರು ಸಾಹೇಬರು.

ಎಲ್ಲರೂ ಎದ್ದರು. ಮೋಡ ತೋರಿಸಿದರು, ಎಮ್ಮೆಯಾದರು, ಮೂಗು ಮುಟ್ಟಿದರು. ಐವತ್ತು ಬಾಯಿಗಳು ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚಿದವು. ಸಾಹೇಬರು ಕಿವಿಗೆ ಕೈ ಅಡ್ಡ ಹಿಡಿದು, "ಕೇಳವಲ್ದು, ಜೋರಲೆ ಹೇಳ್ರಿ" ಎಂದರು.

ಮಗ್ಗದ ಮನೆಯ ಮಕ್ಕಳಿಗೆ ಜೋರಾಗಿ ಎಂದರೆ ಬಾಯಿ ದೊಡ್ಡದಾಗಿ ತೆರೆಯುವುದು. ತೆರೆದರು. ಕಿರುನಾಲಿಗೆ ಕಾಣುವ ಹಾಗೆ ಬಾಯಿ ಅಗಲಿಸಿ, ಕುತ್ತಿಗೆಯ ನರ ಉಬ್ಬಿಸಿ, ಮತ್ತೊಮ್ಮೆ ಮೋಡದ ಮನೆಯಿಂದ ಶುರುಮಾಡಿದರು. ಎಮ್ಮೆಯ ಬೆನ್ನಿನ ಹತ್ತಿರ ಬಂದಾಗ ಕರೆಂಟು ಹೋಯಿತು.

ಮಗ್ಗಗಳು ನಿಂತವು. ಓಣಿಯಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು. ಖೋಲಿಯಲ್ಲಿ ಮಕ್ಕಳು ಮಾತ್ರ ನಿಲ್ಲಲಿಲ್ಲ. ಹಿಂದಿನ ವರ್ಷ ದನಿ ಎತ್ತಿ ಹಾಡಿದ್ದ ಎರಡನೇ ತರಗತಿಯವರೂ ಸೇರಿ, ಒಂದು ಪಿಟ್ಟೆನ್ನುವ ಸದ್ದಿಲ್ಲದೆ ಇಡೀ ಪದ್ಯ ಮುಗಿಸಿ, ಕೈಕಟ್ಟಿ ನಿಂತರು. ಅಂದೇ ನನಗೂ ಗೊತ್ತಾದದ್ದು. ನಾನು ಅವರಿಗೆ ಪದ್ಯ ಕಲಿಸಿದ್ದೆ, ದನಿ ಕಲಿಸಿರಲಿಲ್ಲ.

"ಏನ್ರಿ ಇದು? ನನ್ನ ಮುಂದ ಚಾಷ್ಟಿ ಮಾಡ್ತಾರೇನು?" ಎಂದರು ಸಾಹೇಬರು.

ಶಿವಲೀಲಾಗೆ ಸಿಟ್ಟು ಬಂತು. "ಜೋರಲೇ ಹೇಳೀವಲ್ರಿ!" ಎಂದಳು.

ಸಾಹೇಬರು ನನ್ನ ಕಡೆ ತಿರುಗಿದರು. "ಅಕ್ಕಾರ, ನೀವ ಒಮ್ಮಿ ಹೇಳಿ ತೋರಸ್ರಿ."

ಮೂರು ಸಾಲಿನ ಪದ್ಯ. ಹೇಳಿಬಿಟ್ಟರೆ ನೌಕರಿ ಉಳಿದೀತು. ಹೇಳಿದರೆ ಇಷ್ಟು ತಿಂಗಳು ಬಾಯಿ ಕಟ್ಟಿದ್ದೆಲ್ಲ ನೀರಲ್ಲಿ ಹೋದೀತು. ಶಂಕ್ರಪ್ಪ ಮಾಸ್ತರು ಏನೋ ಹೇಳಲು ಹೊರಟು ತಡವರಿಸುತ್ತಿದ್ದರು. ನಾನು ಉಸಿರು ಎಳೆದುಕೊಂಡೆ, ಬಾಯಿ ತೆರೆದೆ. ಅಷ್ಟರಲ್ಲಿ ಶಿವಲೀಲಾ ಮುಂದೆ ಬಂದು ನಿಂತು, ಎರಡೂ ಕೈ ಅಡ್ಡ ಆಡಿಸಿದಳು. ಮಗ್ಗ ನಿಲ್ಲಿಸು ಎನ್ನಲು ಶೆಡ್ಡಿನಲ್ಲಿ ಮಾಡುವ ಸನ್ನೆ ಅದು. ಆಮೇಲೆ ಸಾಹೇಬರಿಗೆ, "ಅಕ್ಕಾರು ಮಾತಾಡಂಗಿಲ್ರಿ. ನಾವು ಸಾಲಿಗಿ ಬಂದಾಗಿಂದ ಮಾತಾಡಿಲ್ಲ. ಮಾತಾಡಿದ್ರ ಡಾಕ್ಟರ್ ಬೈತಾರ" ಎಂದಳು.

ಮುಚ್ಚಿಟ್ಟದ್ದೆಲ್ಲ ಬಯಲಾಯಿತು. ಶಂಕ್ರಪ್ಪ ಮಾಸ್ತರು ಇದ್ದದ್ದನ್ನು ಇದ್ದ ಹಾಗೆ ಹೇಳಿ, "ತಪ್ಪು ನಂದ್ರಿ ಸಾಹೇಬ್ರ, ನಾನ ಕುಂದರ್ರಿ ಅಂದಿದ್ದೆ" ಎಂದರು. ಸಾಹೇಬರು ಕುರ್ಚಿಯಲ್ಲಿ ಕೂತು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು. ಎದ್ದು ಹಲಗೆಯ ಮೇಲೆ ಒಂದೆರಡು ಶಬ್ದ ಬರೆದು, ಶಿವಲೀಲಾಳನ್ನು ಕರೆದು ಓದು ಎಂದರು. ಅವಳು ತುಟಿ ಆಡಿಸಿದಳು. "ದನಿ ಮಾಡಿ ಓದವಾ," ಎಂದರು. ಅವಳು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. "ಗ-ರ-ಗ-ಸ," ಎಂದು ಕಿರುಚಿದಳು. ಇನ್ನೂ ನಾಲ್ಕೈದು ಮಕ್ಕಳನ್ನು ಓದಿಸಿದರು. ಓದಿದರು. ಹಲ್ಲು ಬಿದ್ದ ಸಂದಿಯಲ್ಲಿ ಗಾಳಿ ಹೋಗುತ್ತಿದ್ದರೂ, ಒಬ್ಬರೂ ತಪ್ಪಲಿಲ್ಲ.

"ಓದಾಕೇನೋ ಬರ್ತೈತಿ," ಎಂದರು ಸಾಹೇಬರು ನನಗೆ. "ಆದ್ರ ಅಕ್ಕಾರ, ಇದನ್ನ ನಾ ಕಂಡೂ ಕಾಣದಂಗ ಬಿಡಾಕ ಬರೂದಿಲ್ಲ. ಮುಂದಿನ ತಿಂಗಳ ಮತ್ತ ಬರ್ತೇನಿ. ನೀವು ಬಾಯಿಲೆ ಪಾಠಾ ಮಾಡಿ ತೋರಸ್ಬೇಕು. ಇಲ್ಲಾಂದ್ರ ಬರದು ಕಳಸ್ತೇನಿ." ಹೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಅವರೂ ದಣಿದ ಮನುಷ್ಯರೇ.

ಅವರು ಹೇಳಿದಂತೆ ಬಂದರು, ಪಾಠ ಕೇಳಿದರು, ಚಹಾ ಕುಡಿದು ಹೋದರು. ನೌಕರಿ ಉಳಿಯಿತು. ಆದರೆ ನನಗೆ ಆ ವರ್ಷವೆಂದರೆ ನೆನಪಾಗುವುದು ಅದಲ್ಲ, ಅದಕ್ಕೆ ಮೊದಲಿನ ಒಂದು ಸೋಮವಾರ.

ದೀಪಾವಳಿಯ ರಜೆಯಲ್ಲಿ ಡಾಕ್ಟರು ಮತ್ತೆ ಕನ್ನಡಿ ಇಟ್ಟು ನೋಡಿ, "ಗಂಟು ಕರಗ್ಯಾವು. ಸಣ್ಣಗೆ ಮಾತಾಡ್ರಿ. ಹಳೀ ದನಿ ಬಂದ್ರ ಬಂತು, ಇಲ್ಲಾಂದ್ರ ಇಲ್ಲ" ಎಂದರು. ಮನೆಗೆ ಬಂದು ಮಗಳ ಹೆಸರು ಹಿಡಿದು ಕರೆದೆ. ಗಂಡಸಿನದೋ ಹೆಂಗಸಿನದೋ ಹೇಳಲಾಗದ, ಒಡೆದ, ಗೊಗ್ಗರು ದನಿಯೊಂದು ಹೊರಗೆ ಬಿತ್ತು. ಮಗಳು ಯಾರು ಕರೆದರೆಂದು ಬಾಗಿಲ ಕಡೆ ನೋಡಿದಳು. ಅತ್ತೆ ಒಲೆಯ ಮುಂದೆ ಮುಖ ತಿರುಗಿಸಿಕೊಂಡು ಕೂತರು. ಅಂದು ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಹಾಡುವುದು ಇನ್ನಿಲ್ಲ ಎಂದು ನನಗೆ ಗೊತ್ತಾಯಿತು.

ಸೋಮವಾರ ಸಾಲಿಗೆ ಹೋಗಲು ಕಾಲೇ ಏಳಲಿಲ್ಲ. ಹೋದೆ. ಅಲ್ಲಿಯವರೆಗೆ ಹಾಜರಿಯನ್ನು ನನ್ನ ಬದಲು ರೇಣುಕಾ ಕೂಗುತ್ತಿದ್ದಳು. ಅಂದು ಅವಳಿಗೆ ಕೂತುಕೊಳ್ಳಲು ಕೈ ತೋರಿಸಿ, ನಾನೇ ಮೇಜಿನ ಹತ್ತಿರ ನಿಂತೆ. ಮಗ್ಗಗಳು ಇನ್ನೂ ಶುರುವಾಗಿರಲಿಲ್ಲ.

"ಶಿವಲೀಲಾ," ಎಂದೆ.

ಎರಡನೇ ತರಗತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ವರ್ಷ ನನ್ನ ಹಾಡು ಕೇಳಿದ್ದ ಮಕ್ಕಳು ಅವರು. ರೇಣುಕಾಳ ಕಣ್ಣಲ್ಲಿ ನೀರೇ ಬಂತು. "ಇದು ಅಕ್ಕಾರ ದನಿ ಅಲ್ಲ," ಎಂದಳು ಮೆಲ್ಲಗೆ.

"ಯಾಕಲ್ಲ? ಅಕ್ಕಾರ ದನಿನ ಐತಿ," ಎಂದಳು ಶಿವಲೀಲಾ, ತಿರುಗಿಯೂ ನೋಡದೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. "ಅಕ್ಕಾರ, ಇನ್ನೊಮ್ಮಿ ಕರೀರಿ."

ಕರೆದೆ. ನಗು ತಡೆಯಲಾರದೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳ ಪಕ್ಕದವನು ಎದ್ದು, "ನನ್ನ ಹೆಸರು ಕರೀರಿ ಅಕ್ಕಾರ" ಎಂದ. ಅವನ ಹಿಂದಿನವಳು ಎದ್ದಳು. ಒಂದನೇ ತರಗತಿಯ ಮಕ್ಕಳೆಲ್ಲ ಪಾಟಿ ಚೀಲ ಅಲ್ಲಲ್ಲೇ ಬಿಟ್ಟು, ನನ್ನ ಬಾಯಲ್ಲಿ ತಮ್ಮ ಹೆಸರು ಕೇಳಲೆಂದು ಮೇಜಿನ ಮುಂದೆ ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತರು.